ಬಚ್ಚಲಿಗೆ ಬಂದ ಇರುವೆಗಳು

ನಮ್ಮ ಮನೆಯಲ್ಲಿ ಒಡವೆ ಪೆಟ್ಟಿಗೆಗೆ ಬೀಗವಿರಲಿಲ್ಲ, ರಾಗಿ ತುಂಬಿದ ವಾಡೆಗೂ ಇರಲಿಲ್ಲ. ಬೀಗ ಇದ್ದದ್ದು ಹಣ್ಣಿನ ಕೋಣೆಗೆ ಮಾತ್ರ. ಶ್ರೀನಿವಾಸಪುರದಲ್ಲಿ ಮಾವಿನ ತೋಟವಿರುವವರ ಮನೆಯಲ್ಲಿ ಅಂಥದೊಂದು ಕೋಣೆ ಇರುವುದು ವಿಶೇಷವೇನಲ್ಲ. ಪಡಸಾಲೆ ದಾಟಿದರೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಕಿಟಕಿಯಿಲ್ಲದ ಈ ಕೋಣೆ. ನೆಲದ ಮೇಲೆ ಒಣಹುಲ್ಲು ಹಾಸಿ, ಅದರ ಮೇಲೆ ಬಲಿತ ಕಾಯಿ ಜೋಡಿಸಿ, ಮೇಲೆ ಮತ್ತೆ ಹುಲ್ಲು ಹೊದಿಸುತ್ತಿದ್ದರು. ರಸಪುರಿ ಒಂದು ಮೂಲೆಗೆ, ಬಾದಾಮಿ ಒಂದು ಮೂಲೆಗೆ. ಸಂಜೆ ಸೊಸೆಯಂದಿರು ಒಳಹೋಗಿ ಹುಲ್ಲು ಸರಿಸಿ, ಕಾಯಿ ಮಗುಚಿ, ಕೊಳೆತದ್ದನ್ನು ಆರಿಸಿ ಹೊರಗೆ ತರಬೇಕು. ಕೋಣೆಯೊಳಗೆ ಕೈ ಆಡಿಸುವವರು ಬಾಯಿ ಆಡಿಸಬಾರದು ಎಂಬುದು ಮನೆಯ ಕಟ್ಟಳೆ. ಮೊದಲ ಹಣ್ಣು ದೇವರಿಗೆ, ಮೊದಲ ಬುಟ್ಟಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ, ಆಮೇಲೆ ಗಂಡಸರಿಗೆ, ಮಕ್ಕಳಿಗೆ. ಸೊಸೆಯಂದಿರ ಪಾಲಿಗೆ ಬರುತ್ತಿದ್ದದ್ದು ಕಪ್ಪು ಚುಕ್ಕೆ ಬಿದ್ದ ಹಣ್ಣು. ಅಮ್ಮ ಅದನ್ನೇ ಕುಡುಗೋಲಿನಿಂದ ಹೆರೆದು, ಚೆನ್ನಾಗಿರುವ ಭಾಗ ನನಗೆ ಕೊಟ್ಟು, ಓಟೆ ತಾನು ಚೀಪುತ್ತಿದ್ದಳು.

ಆ ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿರುತ್ತಿತ್ತು. ದೊಡ್ಡಮ್ಮ ಎಂದರೆ ನನ್ನ ದೊಡ್ಡಪ್ಪನ ಹೆಂಡತಿ, ವೆಂಕಟಲಕ್ಷ್ಮಮ್ಮ. ಅಜ್ಜಿ ತೀರಿಕೊಂಡ ಮೇಲೆ ಮನೆ ಅವಳ ಕೈಗೆ ಬಂದಿತ್ತು. ಹಿರಿಯಳು ಎಂಬುದು ಒಂದು ಕಾರಣ. ಆದರೆ ಕೋಣೆಯ ಬೀಗಕ್ಕೆ ಅದಕ್ಕಿಂತ ದೊಡ್ಡ ಅರ್ಹತೆ ಅವಳಿಗಿತ್ತು. ದೊಡ್ಡಪ್ಪನ ಜೊತೆ ಕಾಶಿಗೆ ಹೋಗಿದ್ದಾಗ ಅವಳು ಮಾವಿನ ಹಣ್ಣು ಬಿಟ್ಟು ಬಂದಿದ್ದಳು. ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಗಂಗೆಗೆ ಬಿಟ್ಟು ಬರುವುದು ನಮ್ಮ ಕಡೆಯ ಪದ್ಧತಿ. ಹೆಚ್ಚಿನವರು ಜಾಣತನದಿಂದ ಹಾಗಲಕಾಯಿಯನ್ನೋ, ಊರಲ್ಲಿ ಸಿಗದ ಇನ್ನೇನನ್ನೋ ಬಿಡುತ್ತಾರೆ. ಮಾವಿನ ಮನೆಯ ಹಿರಿ ಸೊಸೆ ಮಾವನ್ನೇ ಬಿಟ್ಟಳು ಎಂಬುದು ಪೇಟೆಯಲ್ಲೆಲ್ಲ ಮಾತಾಯಿತು. ಬಂದವರೆದುರು ಹಣ್ಣು ಹೆಚ್ಚಿಟ್ಟು ತಾನು ಬರಿಗೈಯಲ್ಲಿ ಕೂರುವುದು ಅವಳಿಗೆ ರೂಢಿಯಾಯಿತು. ಬಂದವರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಕೇಳದಿದ್ದರೂ ಹೇಳುತ್ತಿದ್ದಳು.

ಅಮ್ಮ ಮುಳಬಾಗಿಲು ತಾಲ್ಲೂಕಿನ ತಾಯಲೂರಿನವಳು. ಹೆಸರು ಸರೋಜ. ಕೆರೆ ಕೆಳಗಿನ ಗದ್ದೆ, ನಾಲ್ಕು ಹುಣಸೆ ಮರ, ಅಷ್ಟೇ ಅವಳ ತವರು. ಮದುವೆಯಾಗಿ ಬಂದ ಹೊಸತರಲ್ಲಿ ಹಣ್ಣಿನ ಕೋಣೆಯ ಬಾಗಿಲು ತೆಗೆದಾಗ ಬಂದ ಪರಿಮಳಕ್ಕೆ ಅವಳು ಕಣ್ಣು ಮುಚ್ಚಿ ನಿಂತುಬಿಟ್ಟಳಂತೆ. ದೊಡ್ಡಮ್ಮ ಆ ಕ್ಷಣವನ್ನು ಮರೆಯಲಿಲ್ಲ. ವರ್ಷಗಳ ನಂತರ ಅದೇ ಮೊದಲ ಸಾಕ್ಷ್ಯವಾಯಿತು.

ಮಾವಿನ ಕಾಲದಲ್ಲಿ ಗಂಡಸರು ರಾತ್ರಿ ಕಾವಲಿಗೆ ತೋಟಕ್ಕೆ ಹೋಗುತ್ತಿದ್ದರು. ಅಪ್ಪ, ದೊಡ್ಡಪ್ಪ ಇಬ್ಬರೂ ಅಲ್ಲೇ ಮಲಗುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದವರು ದೊಡ್ಡಮ್ಮ, ಅಮ್ಮ, ದೊಡ್ಡಮ್ಮನ ಮಗ ರಮೇಶ ಮತ್ತು ನಾನು. ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ನಾನು ಅಮ್ಮನ ಮಗ್ಗುಲಲ್ಲಿ. ನಾನು ಮೂರನೆಯ ತರಗತಿಗೆ ಹೋಗುತ್ತಿದ್ದ ಬೇಸಿಗೆಯಲ್ಲಿ ಆ ಮಗ್ಗುಲು ಖಾಲಿಯಾಗತೊಡಗಿತು. ಕೈ ಚಾಚಿದರೆ ಚಾಪೆ ಸಿಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲ ಅಗುಳಿ ಸದ್ದು, ಆಮೇಲೆ ಅಡುಗೆಮನೆಯ ಕೊಡಪಾನದಿಂದ ಚೊಂಬಿಗೆ ನೀರು ಮೊಗೆಯುವ ಸದ್ದು. ಗಟಗಟನೆ ಕುಡಿದು ಬಂದು ಮಲಗುತ್ತಿದ್ದಳು. ನಾನು ಮತ್ತೆ ನಿದ್ದೆಗೆ ಜಾರುವಷ್ಟರಲ್ಲಿ ಅವಳು ಮತ್ತೆ ಏಳುತ್ತಿದ್ದಳು. ಮೀನಖಂಡ ಹಿಡಿದುಕೊಂಡಿತೆಂದು ಕತ್ತಲಲ್ಲೇ ಕಾಲು ಉಜ್ಜಿಕೊಳ್ಳುತ್ತಿದ್ದಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಅವಳ ಮಾತು ತೊದಲುತ್ತಿತ್ತು.

"ಯಾಕಮ್ಮ ಎದ್ದೆ?"

"ಬಾಯಾರಿಕೆ ಕಣೇ. ಮಲಕ್ಕೋ."

ಇಂದು ಯಾವ ಆರೋಗ್ಯ ಉಪಕೇಂದ್ರದ ಗೋಡೆಯ ಮೇಲಾದರೂ ಈ ಲಕ್ಷಣಗಳು ಚಿತ್ರದ ಸಮೇತ ಇರುತ್ತವೆ. ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ತೀರದ ಬಾಯಾರಿಕೆ, ಎಷ್ಟು ತಿಂದರೂ ಹಸಿವು, ತಿಂದರೂ ಇಳಿಯುವ ಮೈ, ಕಾಲಿನ ಸೆಳೆತ. ನಮ್ಮ ಮನೆಯಲ್ಲೂ ಇವನ್ನೆಲ್ಲ ಒಬ್ಬರು ಗಮನಿಸಿದ್ದರು. ಒಂದೂ ತಪ್ಪಿಸದೆ ಗಮನಿಸಿದ್ದರು. ದೊಡ್ಡಮ್ಮನ ನಿದ್ದೆ ತೆಳು.

ಅವಳು ಕಂಡದ್ದನ್ನು ನಾನು ನ್ಯಾಯವಾಗಿಯೇ ಬರೆಯಬೇಕು. ಹಿತ್ತಲಿನ ಬಚ್ಚಲಲ್ಲಿ, ನೀರು ಹೊರಹೋಗುವ ತೂಬಿನ ಬಳಿ, ಬೆಳಿಗ್ಗೆ ಇರುವೆಗಳು ಮುತ್ತಿರುತ್ತಿದ್ದವು. ಮಾವಿನ ಮನೆಯವರಿಗೆ ಇರುವೆ ಕಂಡರೆ ಒಂದೇ ಅರ್ಥ: ಅಲ್ಲಿ ಹಣ್ಣಿನ ರಸ ಬಿದ್ದಿದೆ. ಕೋಣೆಯಲ್ಲಿ ಹಣ್ಣು ಒಡೆದದ್ದನ್ನು ನಾವು ಪತ್ತೆ ಮಾಡುತ್ತಿದ್ದದ್ದೇ ಇರುವೆ ಸಾಲು ಹಿಡಿದು. ಹಣ್ಣು ಕಳ್ಳತನದಲ್ಲಿ ತಿಂದವಳು ಕೈ ಬಾಯಿ ಎಲ್ಲಿ ತೊಳೆಯುತ್ತಾಳೆ? ಬಚ್ಚಲಲ್ಲಿ. ಮಾವು ತಿಂದರೆ ಮೈಗೆ ಉಷ್ಣ, ಉಷ್ಣವಾದರೆ ಬಾಯಾರಿಕೆ, ಅದಕ್ಕೇ ನೀರು. ಇಷ್ಟರ ಮೇಲೆ, ಒಂದು ಬೆಳಿಗ್ಗೆ ದೊಡ್ಡಮ್ಮ ಅಮ್ಮನ ಗಲ್ಲ ಹಿಡಿದು, ಮುಖದ ಹತ್ತಿರ ಮೂಗು ತಂದು ವಾಸನೆ ನೋಡಿದಳು. ಅಮ್ಮನ ಉಸಿರು ಆ ದಿನಗಳಲ್ಲಿ ನಿಜಕ್ಕೂ ಮಾಗಿ ಹೋದ ಹಣ್ಣಿನಂತೆ ಇತ್ತು. ಅದು ನನಗೂ ಗೊತ್ತು. ನಾನು ಅವಳ ಮುಖಕ್ಕೆ ಮುಖ ಕೊಟ್ಟು ಮಲಗುತ್ತಿದ್ದವಳು. ಸಕ್ಕರೆ ಕಾಯಿಲೆ ಮಿತಿ ಮೀರಿದಾಗ ಉಸಿರಿಗೆ ಅಂಥ ವಾಸನೆ ಬರುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

"ಏಮೇ ಸರೋಜ, ಬಾಯಿ ತೊಳ್ಕೊಂಡ್ರೆ ವಾಸನೆ ಹೋಗ್ತದಾ? ರಸಪುರೀನೋ ಬಾದಾಮೀನೋ?"

"ಅಕ್ಕ, ನಾನು ತಿಂದಿಲ್ಲ."

"ಮತ್ತೆ ಇರುವೆಗೆ ಕಾಗದ ಬರೆದು ಕರೆಸಿದ್ಯಾ?"

ರಮೇಶ ನಕ್ಕ. ಅವನು ಆಗ ಸಣ್ಣವನು, ಅವನ ತಪ್ಪಿಲ್ಲ. ಅಂದಿನಿಂದ ಅಮ್ಮನಿಗೆ ಮನೆಯಲ್ಲೊಂದು ಹೆಸರು ಬಂತು: ದೊಂಗ. ತೆಲುಗಿನಲ್ಲಿ ಕಳ್ಳ ಎಂದು. ದೊಡ್ಡಮ್ಮನ ತವರು ಮದನಪಲ್ಲಿ ಕಡೆ. ಬೈಗುಳವೆಲ್ಲ ತೆಲುಗಿನಲ್ಲೇ ಬರುತ್ತಿತ್ತು. ಆ ಮಾತನ್ನು ಅವಳು ಸಿಟ್ಟಿನಿಂದ ಆಡುತ್ತಿರಲಿಲ್ಲ, ನಗುತ್ತ ಆಡುತ್ತಿದ್ದಳು. ನಗುತ್ತ ಆಡಿದ್ದಕ್ಕೆ ಉತ್ತರ ಕೊಟ್ಟರೆ ಉತ್ತರ ಕೊಟ್ಟವರೇ ಜಗಳಗಂಟಿಯರಾಗುತ್ತಾರೆ. ಅಮ್ಮ ಮುದ್ದೆ ಮುರಿಯುವಾಗ ದೊಡ್ಡಮ್ಮ "ದೊಂಗಮ್ಮಂಗೆ ಇನ್ನೊಂದು ಹಾಕ್ರೇ, ರಾತ್ರಿ ಡ್ಯೂಟಿ ಐತೆ" ಎನ್ನುತ್ತಿದ್ದಳು. ಅಮ್ಮ ಎರಡು ಮುದ್ದೆ ಉಣ್ಣುತ್ತಿದ್ದಳು, ಆದರೂ ರವಿಕೆಯ ತೋಳು ದಿನೇ ದಿನೇ ಸಡಿಲವಾಗುತ್ತಿತ್ತು. ಹಸಿವು ಮತ್ತು ಸೊರಗು ಎರಡೂ ದೊಡ್ಡಮ್ಮನ ಲೆಕ್ಕಕ್ಕೆ ಕೂಡಿ ಬಂದವು: ಕದ್ದು ತಿಂದದ್ದು ಮೈಗೆ ಹತ್ತುವುದಿಲ್ಲ.

ಕೋಣೆಗೆ ಬೀಗವಿದ್ದೂ ಅಮ್ಮ ಹೇಗೆ ಕದಿಯುತ್ತಾಳೆ ಎಂದು ಯಾರೂ ಕೇಳಲಿಲ್ಲ. ಸಂಜೆ ಕಾಯಿ ಮಗುಚುವಾಗ ಸೆರಗಿನಲ್ಲಿ ಬಚ್ಚಿಟ್ಟುಕೊಳ್ಳುತ್ತಾಳೆ ಎಂದು ದೊಡ್ಡಮ್ಮನೇ ತೀರ್ಮಾನಿಸಿ, ಅಮ್ಮ ಕೋಣೆಯಿಂದ ಹೊರಬರುವಾಗ ಸೆರಗು ಕೊಡವಿ ತೋರಿಸಬೇಕು ಎಂದು ಮಾಡಿದಳು. ಅಮ್ಮ ಹೊಸ್ತಿಲ ಮೇಲೆ ನಿಂತು ಸೆರಗು ಕೊಡವುತ್ತಿದ್ದಳು. ಹುಲ್ಲಿನ ಕಡ್ಡಿಗಳು ಉದುರುತ್ತಿದ್ದವು. ಇರುವೆಗಳು ಮಾತ್ರ ಬರುವುದು ಬಿಡಲಿಲ್ಲ.

ಆಷಾಢ ಕಳೆಯಿತು, ಎಲ್ಲಕ್ಕಿಂತ ಕೊನೆಗೆ ಬರುವ ನೀಲಂ ಹಣ್ಣೂ ಮುಗಿಯಿತು. ಹುಲ್ಲು ಗುಡಿಸಿ ಹಸುವಿಗೆ ಹಾಕಿ, ಕೋಣೆ ಸಾರಿಸಿ ಬಾಗಿಲು ತೆರೆದಿಟ್ಟರು. ಮನೆಯಲ್ಲಿ ಒಂದು ಮಾವಿನ ಹಣ್ಣಿರಲಿಲ್ಲ. ಆದರೂ ಬಚ್ಚಲಿನ ತೂಬಿನ ಬಳಿ ಇರುವೆಗಳು ಇದ್ದವು. ನಾನು ಅದನ್ನು ನೋಡಿದೆ, ಓಡಿ ಹೋಗಿ ದೊಡ್ಡಮ್ಮನಿಗೇ ಹೇಳಿದೆ. ಅಮ್ಮ ಗೆದ್ದಳು ಎಂದುಕೊಂಡಿದ್ದೆ.

"ದೊಡ್ಡಮ್ಮ, ಹಣ್ಣೇ ಇಲ್ಲ, ಇರುವೆ ಐತೆ!"

ಅವಳು ಬಂದು ಬಗ್ಗಿ ನೋಡಿದಳು. ಆಮೇಲೆ ಸೊಂಟಕ್ಕೆ ಕೈ ಇಟ್ಟು ಹೇಳಿದಳು:

"ಹಂಗಾದ್ರೆ ಬೆಲ್ಲಕ್ಕೆ ಕೈ ಹಾಕವ್ಳೆ."

ಅಂದೇ ಬೆಲ್ಲದ ಗಡಿಗೆ ಹಣ್ಣಿನ ಕೋಣೆಗೆ ಹೋಯಿತು, ಕೋಣೆಗೆ ಮತ್ತೆ ಬೀಗ ಬಿತ್ತು. ಬೆಲ್ಲ ಹೋದರೂ ಇರುವೆ ಹೋಗಲಿಲ್ಲ. ಆಗ ರಾತ್ರಿ ಏಳುವುದನ್ನೇ ನಿಲ್ಲಿಸಬೇಕೆಂದು ಹಿತ್ತಲ ಬಾಗಿಲಿಗೂ ಬೀಗ ಹಾಕಿಸಿದಳು. ನೀರು ಕುಡಿಯುವುದರಿಂದಲೇ ಏಳುತ್ತಾಳೆ ಎಂದು ಕುಡಿಯುವ ನೀರಿನ ಕೊಡಪಾನವನ್ನು ರಾತ್ರಿ ತನ್ನ ತಲೆದೆಸೆಗೆ ಇಟ್ಟುಕೊಂಡಳು. ಕೇಳಿದರೆ ಕೊಡುವುದಿಲ್ಲ ಎಂದು ಅವಳು ಹೇಳಿರಲಿಲ್ಲ. ಆದರೆ ನೀರಿಗಾಗಿ ಅವಳನ್ನು ಎಬ್ಬಿಸಬೇಕಿತ್ತು, ಎಬ್ಬಿಸಿದರೆ ದೊಂಗ ಎಂಬ ಆ ಮಾತು ಕೇಳಬೇಕಿತ್ತು. ಅಮ್ಮ ಎಬ್ಬಿಸಲಿಲ್ಲ. ಪಾತ್ರೆ ತೊಳೆದು ಉಳಿದ ನೀರನ್ನು ಅಡುಗೆಮನೆಯ ಕತ್ತಲಲ್ಲಿ ಕುಡಿದಳು. ಅವಳು ಹಿತ್ತಲ ಬಾಗಿಲಿಗೆ ಹಣೆ ಒರಗಿಸಿ, ಕಾಲು ಜೋಡಿಸಿಕೊಂಡು ನಿಂತಿದ್ದನ್ನು ನಾನು ನೋಡಿದ್ದೇನೆ. ಬೀಗ ತೆಗೆಯುವ ಮೊದಲೇ ಸೀರೆ ಒದ್ದೆಯಾಗಿರುತ್ತಿದ್ದ ದಿನಗಳಿದ್ದವು. ಬೆಳಗಾದ ಮೇಲೆ ಅವಳೇ ನೆಲ ಒರೆಸಿ, ಸೀರೆ ಒಗೆದು, ಯಾರಿಗೂ ಕಾಣದಂತೆ ದನದ ಕೊಟ್ಟಿಗೆಯಲ್ಲಿ ಹರವುತ್ತಿದ್ದಳು. ಅವಳಿಗೆ ಆಗ ಮೂವತ್ತೂ ದಾಟಿರಲಿಲ್ಲ.

ಅಪ್ಪನ ಬಗ್ಗೆ ಒಂದು ಮಾತು ಸಾಕು. ಅವನಿಗೆ ಇದೆಲ್ಲ ಗೊತ್ತಿತ್ತು. "ಅತ್ತಿಗೆ ಹೇಳ್ತಾವ್ರೆ ಅಂದ್ರೆ ಏನೋ ಇರ್ತದೆ" ಎಂದು ಒಂದು ಸಲ ಹೇಳಿ ಎದ್ದು ಹೋದ.

ಒಂದು ಬೆಳಿಗ್ಗೆ ಅಮ್ಮ ಚಾಪೆಯಿಂದ ಏಳಲಿಲ್ಲ. ವಾಂತಿ ಮಾಡಿಕೊಂಡಿದ್ದಳು. ಉಸಿರು ಓಡಿ ಬಂದವರಂತೆ ಆಳವಾಗಿ, ಸದ್ದಾಗಿ ಬರುತ್ತಿತ್ತು. ಕರೆದರೆ ಕಣ್ಣು ಅರೆ ತೆರೆದು ಮುಚ್ಚುತ್ತಿದ್ದಳು. ಹಣ್ಣು ಸಾಗಿಸುವ ಜೀಪಿನ ಅಮೀರ್ ಚಾಚಾ ಎದುರು ಮನೆಯವರು. ಅವರೇ ಅಮ್ಮನನ್ನು ಎತ್ತಿ ಹಿಂದೆ ಮಲಗಿಸಿ ಕೋಲಾರದ ಆಸ್ಪತ್ರೆಗೆ ಹೊರಟರು. ಅಪ್ಪ ಮುಂದೆ ಕೂತ. ದೊಡ್ಡಮ್ಮ ಅಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡಳು. ನಾನು ಹಟ ಮಾಡಿ ಹತ್ತಿದೆ. ದಾರಿಯುದ್ದಕ್ಕೂ ದೊಡ್ಡಮ್ಮ ಅಳುತ್ತಿದ್ದಳು ಎಂಬುದನ್ನೂ ಬರೆಯುತ್ತೇನೆ. ಅದು ನಿಜ. ಅದರಿಂದ ಏನೂ ಬದಲಾಗುವುದಿಲ್ಲ.

ಅಮ್ಮ ಬದುಕಿದಳು. ಮಾತಾಡುವಷ್ಟಾದ ಮೇಲೆ ಡಾಕ್ಟರಮ್ಮ ಹಾಸಿಗೆ ಪಕ್ಕ ನಿಂತು ಕೇಳಿದರು:

"ರಾತ್ರಿ ಎಷ್ಟು ಸಲ ಏಳ್ತಿದ್ರಿ?"

ಅಮ್ಮ ಉತ್ತರ ಹೇಳುವ ಮೊದಲು ದೊಡ್ಡಮ್ಮನ ಮುಖ ನೋಡಿದಳು. ಆ ಪ್ರಶ್ನೆಯನ್ನು ತಪ್ಪು ಹುಡುಕಲಿಕ್ಕಲ್ಲದೆ ಕೇಳಿದ ಮೊದಲ ಮನುಷ್ಯರು ಆ ಡಾಕ್ಟರು. ಅಮ್ಮನಿಗೆ ಅದು ಗೊತ್ತಾಗಲಿಲ್ಲ. ಅವಳು ಹೇಳಿದ್ದು ಹೀಗೆ:

"ಏಳ್ತಿರ್ಲಿಲ್ಲ ಮೇಡಂ."

"ಏಳ್ತಿದ್ಲು" ಎಂದೆ ನಾನು. "ತುಂಬಾ ಸಲ. ನೀರು ಕುಡೀತಿದ್ಲು. ಬಚ್ಚಲಿಗೆ ಇರುವೆ ಬರ್ತಿತ್ತು."

ಡಾಕ್ಟರಮ್ಮ ನನ್ನತ್ತ ತಿರುಗಿ ತಲೆದೂಗಿದರು. ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ, ಅದಕ್ಕೆ ಇರುವೆ ಮುತ್ತುತ್ತವೆ, ಹೋಗುವಾಗ ಮೈಯ ನೀರನ್ನೂ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಬಾಯಾರಿಕೆ ಎಂದು ಅಪ್ಪನಿಗೂ ದೊಡ್ಡಮ್ಮನಿಗೂ ಬಿಡಿಸಿ ಹೇಳಿದರು. ಇನ್ನು ಮುಂದೆ ದಿನಾ ಇಂಜೆಕ್ಷನ್ ಬೇಕು, ಸಿಹಿ ಮುಟ್ಟಬಾರದು ಎಂದರು. ನನಗೆ ಎದೆ ಹಗುರವಾಯಿತು. ಇರುವೆಗಳ ವಿಷಯ ಇತ್ಯರ್ಥವಾಯಿತು, ಇನ್ನು ದೊಡ್ಡಮ್ಮ ಅಮ್ಮನ ಕೈ ಹಿಡಿದು ಏನಾದರೂ ಹೇಳುತ್ತಾಳೆ ಎಂದು ಅವಳ ಬಾಯನ್ನೇ ನೋಡುತ್ತ ಕೂತೆ.

ಅವಳು ಹೇಳಿದ್ದು ವಾಪಸು ಬರುವಾಗ, ಜೀಪಿನಲ್ಲಿ, ಅಪ್ಪನಿಗೆ ಕೇಳುವಂತೆ.

"ಸಕ್ಕರೆ ಕಾಯಿಲೆ ಅಂತೆ. ಸಕ್ಕರೆ ಸುಮ್ನೆ ಬರ್ತದಾ? ಕದ್ದು ಕದ್ದು ಸೀ ತಿಂದಿದ್ದಕ್ಕೇ ಬಂದಿರೋದು. ನಾನು ಬೀಗ ಹಾಕಿದ್ದು ಯಾಕೆ ಅಂತ ಈಗ್ಲಾದ್ರೂ ತಿಳೀತಾ ನಿಂಗೆ?"

ಅಪ್ಪ ಹೂಂ ಎಂದ. ಅಮೀರ್ ಚಾಚಾ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ ರಸ್ತೆಗೆ ತಿರುಗಿದರು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು; ನಿದ್ದೆಯಲ್ಲಿರಲಿಲ್ಲ. ಅಮ್ಮ ನಿರಪರಾಧಿ ಎನ್ನಲು ಇದ್ದ ಒಂದೇ ಪುರಾವೆಯನ್ನು ದೊಡ್ಡಮ್ಮ ಕೋಲಾರದಿಂದ ಊರಿಗೆ ಬರುವಷ್ಟರಲ್ಲಿ ಅಪರಾಧದ ಪುರಾವೆ ಮಾಡಿಬಿಟ್ಟಳು. ಮುಂದೆ ನಾನು ಪತ್ರಿಕೆಯ ಕೆಲಸದಲ್ಲಿ ಇಡೀ ವಯಸ್ಸು ಕಳೆದೆ. ಕಂಡದ್ದೆಲ್ಲ ನಿಜವಿದ್ದು ತೀರ್ಮಾನ ಮಾತ್ರ ಸುಳ್ಳಾಗುವ ಸುದ್ದಿ ಎಲ್ಲಕ್ಕಿಂತ ಅಪಾಯದ್ದು ಎಂದು ಹೊಸ ಹುಡುಗರಿಗೆ ಹೇಳುತ್ತಿದ್ದೆ. ಉದಾಹರಣೆ ಕೊಡಿ ಎಂದರೆ ಕೊಡುತ್ತಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಆ ಮನೆಯಲ್ಲಿ ಮಾವಿನ ಹಣ್ಣು ತಿನ್ನದ ಹೆಂಗಸರು ಇಬ್ಬರಾದರು. ದೊಡ್ಡಮ್ಮ ತಿನ್ನದಿದ್ದದ್ದು ವ್ರತ, ಅಮ್ಮ ತಿನ್ನದಿದ್ದದ್ದು ಶಿಕ್ಷೆ. ಬಂದ ನೆಂಟರಿಗೆ ದೊಡ್ಡಮ್ಮ ಎರಡನ್ನೂ ಒಟ್ಟಿಗೇ ವಿವರಿಸುತ್ತಿದ್ದಳು. ಕೊನೆಗೆ ಅಮ್ಮನ ಕಣ್ಣು ಹೋಯಿತು. ನನಗೆ ಕೆಲಸ ಸಿಕ್ಕ ಮೇಲೆ ಅವಳನ್ನು ಕೋಲಾರದ ನನ್ನ ಬಾಡಿಗೆ ಮನೆಗೆ ಕರೆತಂದೆ. ನಾನು ಮಾಡಿದ ಮೊದಲ ಕೆಲಸ, ಅವಳ ಮಂಚದ ಪಕ್ಕ ಮುಚ್ಚಳವಿಲ್ಲದ ನೀರಿನ ಚೊಂಬು ಇಟ್ಟು ಅವಳ ಕೈಯನ್ನು ಅದಕ್ಕೆ ಮುಟ್ಟಿಸಿದ್ದು. "ಬಾಗಿಲು?" ಎಂದು ಕೇಳಿದಳು. ಬಾಗಿಲಿಗೆ ಚಿಲಕ ಕೂಡ ಹಾಕಿಲ್ಲ ಎಂದೆ.

ಅವಳು ತೀರಿಕೊಂಡಾಗ ಕಾರ್ಯ ನಡೆದದ್ದು ಶ್ರೀನಿವಾಸಪುರದ ಮನೆಯಲ್ಲಿ. ಅಪ್ಪ ಹಾಗೆ ಬಯಸಿದ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗೆ ಇಡಬೇಕು. ಮುದ್ದೆ, ಉಪ್ಪುಸಾರು, ಅನ್ನ, ಹಪ್ಪಳ ಎಲ್ಲ ಬಡಿಸಿ ಆದ ಮೇಲೆ ದೊಡ್ಡಮ್ಮ ಒಳಗಿನಿಂದ ಒಂದು ರಸಪುರಿ ಹಣ್ಣು ತಂದು, ಎಲ್ಲರೆದುರು ಹೆಚ್ಚಿ, ಎಲೆಯ ತುದಿಗೆ ಇಟ್ಟಳು.

"ತಿನ್ನು ಸರೋಜ. ಇನ್ಯಾರೂ ಬೀಗ ಹಾಕಲ್ಲ."

ಅದನ್ನು ಅವಳು ಪ್ರೀತಿಯಿಂದಲೇ ಹೇಳಿದಳು ಎಂದು ಅಲ್ಲಿದ್ದವರು ಕಣ್ಣೊರೆಸಿಕೊಂಡರು. "ಪಾಪ, ಒಂದು ನಾಲಿಗೆ ಚಪಲ ಬಿಟ್ರೆ ಚಿನ್ನದಂಥ ಹೆಂಗಸು" ಎಂದು ಯಾರೋ ಹೇಳಿದರು. ನಾನು ಆ ಎಲೆಯ ಎದುರು ಕೂತಿದ್ದೆ. ಮಾತಾಡುವುದಕ್ಕೆ ಹೊತ್ತು ಬರುತ್ತದೆ ಎಂದು ಮಾತ್ರ ಅಂದುಕೊಂಡೆ.

ಅದು ಬಂದದ್ದು ಕಳೆದ ಬೇಸಿಗೆಯಲ್ಲಿ. ರಮೇಶನ ಮೊಮ್ಮಗುವಿಗೆ ನಾಮಕರಣ. ರಮೇಶನ ಹೆಂಡತಿ ಸುನಂದ ಫೋನ್ ಮಾಡಿ, "ವಸಂತಕ್ಕ, ಎರಡು ದಿನ ಮುಂಚೆನೇ ಬನ್ನಿ, ಅತ್ತೆನೂ ನಿಮ್ಮನ್ನ ಕೇಳ್ತಿರ್ತಾರೆ" ಎಂದಳು. ಹೋದೆ. ಹಳೆಯ ಮನೆಯ ಜಾಗದಲ್ಲೀಗ ಆರ್‌ಸಿಸಿ ಮನೆ. ಹಣ್ಣಿನ ಕೋಣೆ ಮಾತ್ರ ಹಾಗೇ ಉಳಿದಿದೆ. ಹುಲ್ಲಿನ ಬದಲು ಪ್ಲಾಸ್ಟಿಕ್ ಕ್ರೇಟು. ದೊಡ್ಡಮ್ಮ ಎಂಬತ್ತು ದಾಟಿದ್ದಾಳೆ, ಕಿವಿ ಕಣ್ಣು ಚುರುಕು. ನನ್ನ ಹಾಸಿಗೆಯನ್ನು ಹಾಲಿನಲ್ಲಿ ಅವಳ ದಿವಾನದ ಪಕ್ಕ ಹಾಕಿದರು.

ಕತ್ತಲಲ್ಲಿ ನನಗೆ ಎಚ್ಚರವಾಯಿತು. ಎಬ್ಬಿಸಿದ ಸದ್ದು ಯಾವುದೆಂದು ತಿಳಿಯಲು ಕ್ಷಣವೂ ಬೇಕಾಗಲಿಲ್ಲ. ಚೊಂಬಿನ ಅಂಚು ಹಲ್ಲಿಗೆ ತಾಗಿದ ಸದ್ದು. ಆಮೇಲೆ ಗೋಡೆ ಹಿಡಿದು ನಡೆಯುವ ಹೆಜ್ಜೆ, ಬಾತ್‌ರೂಮಿನ ಬಾಗಿಲು. ಬಂದು ಮಲಗಿದಳು, ಕಾಲು ಉಜ್ಜಿಕೊಂಡಳು, ಮತ್ತೆ ಎದ್ದಳು. ನಾನು ಕಣ್ಣು ಬಿಟ್ಟುಕೊಂಡೇ ಬೆಳಗಿನವರೆಗೆ ಮಲಗಿದ್ದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನೋಡಿದೆ. ಬಿಳಿ ಟೈಲ್ಸಿನ ಮೇಲೆ, ನೀರು ಹೋಗುವ ಜಾಲರಿಯ ಸುತ್ತ, ಇರುವೆಗಳು. ನನಗೆ ಸಂತೋಷವಾಯಿತು. ಅದನ್ನು ಬೇರೆ ಪದದಲ್ಲಿ ಹೇಳುವುದು ಸುಳ್ಳಾಗುತ್ತದೆ.

ಸುನಂದಳನ್ನು ಕೇಳಿದೆ. ಅವಳು ಹಿಟ್ಟು ಕಲಸುತ್ತಲೇ ಹೇಳಿದಳು:

"ನಾನು ನೋಡಿದೀನಿ ಅಕ್ಕ. ಟೆಸ್ಟ್ ಮಾಡಿಸೋಣ ಅಂದ್ರೆ ಒಪ್ಪಲ್ಲ. 'ಮಾವಿನಣ್ಣು ಕಾಶೀಲಿ ಬಿಟ್ಟೋಳಿಗೆ ಸಕ್ಕರೆ ಎಲ್ಲಿಂದ ಬರ್ತದೆ' ಅಂತ ನನ್ನೇ ಬೈತಾರೆ. ಇವ್ರಿಗೆ ಶುಗರ್ ಬಂದಾಗ ಮಾತ್ರ, ಟೆನ್ಷನ್ನಿಂದ ಬಂತು ಅಂದ್ರು."

ರಮೇಶನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅವನು ಬದುಕಿಡೀ ಎಲ್ಲರೆದುರು ಮಾವು ತಿಂದವನು. ಅವನನ್ನು ಯಾರೂ ದೊಂಗ ಎಂದಿಲ್ಲ.

ನಾಮಕರಣ ಮುಗಿದು, ಊಟವಾಗಿ, ಹತ್ತಿರದ ನೆಂಟರೆಲ್ಲ ಹಾಲಿನಲ್ಲಿ ಕೂತಿದ್ದರು. ಬಾದಾಮಿ ಹಣ್ಣು ಹೆಚ್ಚಿದ ತಟ್ಟೆ ಸುತ್ತುತ್ತಿತ್ತು. ದೊಡ್ಡಮ್ಮ ಎಂದಿನಂತೆ ಬರಿಗೈಯಲ್ಲಿ ಕೂತು, ಹೊಸ ಬೀಗಿತ್ತಿಗೆ ಕಾಶಿಯ ಕಥೆ ಹೇಳುತ್ತಿದ್ದಳು. ನಾನು ರಮೇಶನ ಸಕ್ಕರೆ ನೋಡುವ ಯಂತ್ರ ತಂದು ಅವಳ ಪಕ್ಕ ಕೂತೆ.

"ಬೆರಳು ಕೊಡು ದೊಡ್ಡಮ್ಮ."

"ನಂಗ್ಯಾಕೆ? ನಾನೇನ್ ಸೀ ತಿಂತೀನಾ?"

"ತಿನ್ನಲ್ವಲ್ಲ. ಹಂಗಾದ್ರೆ ಹೆದರಿಕೆ ಏನು?"

ಅಷ್ಟು ಜನರ ಎದುರು ಕೈ ಹಿಂದೆಗೆಯಲು ಅವಳಿಗೆ ಆಗಲಿಲ್ಲ. ಯಂತ್ರ ತೋರಿದ ಅಂಕಿಯನ್ನು ರಮೇಶ ಎರಡು ಸಲ ಓದಿದ. "ಅಮ್ಮ, ನಂದಕ್ಕಿಂತ ಜಾಸ್ತಿ ಐತಲ್ಲಮ್ಮ!" ಎಂದ. ಮಾತು ನಿಂತಿತು. ಎಷ್ಟೋ ವರ್ಷಗಳಿಂದ ನಾನು ಕಾದಿದ್ದದ್ದು ಈ ಮೌನಕ್ಕೆ. ದನಿ ಏರಿಸದೆ ಕೇಳಿದೆ:

"ದೊಡ್ಡಮ್ಮ, ಸಕ್ಕರೆ ಕದ್ದು ತಿಂದಿದ್ದಕ್ಕೇ ಬರೋದು ಅಂತ ಹೇಳಿದೋಳು ನೀನು. ನಿಮ್ಮ ಬಚ್ಚಲಲ್ಲಿ ಇವತ್ತು ಇರುವೆ ನೋಡ್ದೆ. ಒಂದು, ಕಾಶೀಲಿ ಬಿಟ್ಟಿದ್ದನ್ನ ನೀನು ರಾತ್ರಿ ಎದ್ದು ತಿಂತಿದ್ದೀಯ. ಇಲ್ಲ, ನಮ್ಮಮ್ಮ ತಿಂದಿರ್ಲಿಲ್ಲ. ಎರಡ್ರಲ್ಲಿ ಯಾವುದು?"

ಅವಳು ನನ್ನನ್ನು ನೋಡಿದಳು. ಅವಳಿಗೆ ಪೂರ್ತಿ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ಬೀಗಿತ್ತಿ ಕೈಯಲ್ಲಿದ್ದ ಹೋಳು ತಟ್ಟೆಗೆ ಇಟ್ಟಳು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು.

"ತಿಂದೆ" ಎಂದಳು. "ಆಗೊಂದು ಈಗೊಂದು ತಿಂದೆ. ಏನೀಗ?"

ಒಂದು ಕ್ಷಣ ಕಳೆದು ಹಾಲಿಗೆ ಹಾಲೇ ನಕ್ಕಿತು. "ಅಯ್ಯೋ, ದೊಂಗ ಅತ್ತೆ!" ಎಂದು ಸುನಂದ ಬಾಯಿಗೆ ಕೈ ಇಟ್ಟುಕೊಂಡಳು. ಮಕ್ಕಳು ಆ ಪದ ಹಿಡಿದು ಕುಣಿದರು. "ಕಾಶಿ ವಿಶ್ವನಾಥಂಗೇ ಟೋಪಿ ಹಾಕವ್ರೆ ಅಜ್ಜಿ!" ಎಂದ ಒಬ್ಬ. ಮಾವಿನ ಮನೆಯಲ್ಲಿ ಮಾವು ಬಿಟ್ಟವಳು ಎಂಬ, ಅರ್ಧ ಶತಮಾನದ ಅವಳ ಹೆಸರು ಹೋದದ್ದು ಹೀಗೆ, ಹಣ್ಣಿನ ತಟ್ಟೆ ಸುತ್ತಿ ಬರುವಷ್ಟರಲ್ಲಿ. ಅವಳೇ ಕೈಯಾರೆ ಕಳೆದುಕೊಂಡಳು. ಅಮ್ಮ ಕಳ್ಳಿಯಲ್ಲ ಎಂದು ಹೇಳುವುದಕ್ಕಿಂತ ತಾನೇ ಕಳ್ಳಿಯಾಗುವುದು ಅವಳಿಗೆ ಸುಲಭವಾಯಿತು.

ಔಷಧಿಯ ವಿಷಯದಲ್ಲಿ ನಾನು ಯಾವ ಕೊರತೆಯೂ ಮಾಡಲಿಲ್ಲ. ಮರುದಿನವೇ ಕಾರು ಮಾಡಿ ಕೋಲಾರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಹುಡುಗ, ಸೌಮ್ಯ. "ಅಜ್ಜಿ, ರಾತ್ರಿ ಎಷ್ಟು ಸಲ ಏಳ್ತೀರಿ?" ಎಂದು ಕೇಳಿದರು. ಉತ್ತರ ಹೇಳುವ ಮೊದಲು ದೊಡ್ಡಮ್ಮ ನನ್ನ ಮುಖ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ಮಾವು ತಿಂದಿದ್ದಕ್ಕೇ ಇದು ಬಂತೇ ಎಂದು ನಾನೇ ಕೇಳಿದೆ. ಡಾಕ್ಟರು ನಕ್ಕು, ಒಂದೆರಡು ಹಣ್ಣು ತಿಂದರೆ ಬರುವ ಕಾಯಿಲೆ ಇದಲ್ಲ, ತಿನ್ನದವರಿಗೂ ಬರುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. ಡ್ರೈವರಿಗೆ ಕೇಳದಂತೆ ಮೆಲ್ಲಗೆ ಹೇಳಿದಳು:

"ವಸಂತಿ, ನಾನು ತಿಂದಿಲ್ಲ ಕಣೇ."

"ಗೊತ್ತು ದೊಡ್ಡಮ್ಮ."

"ಹಂಗಾದ್ರೆ ಹೇಳೇ ಅವ್ರಿಗೆ. ನೀನು ಓದಿದೋಳು, ನೀನು ಹೇಳಿದ್ರೆ ನಂಬ್ತಾರೆ. ಮೊಮ್ಮಕ್ಕಳ ಎದುರು ಮುಖ ಎತ್ತಕ್ಕಾಗಲ್ಲ ನಂಗೆ. ದೇವರ ಮುಂದೆ ಬಿಟ್ಟಿದ್ದು ಅದು."

"ಹೇಳ್ತೀನಿ. ಮೊದ್ಲು ನಮ್ಮಮ್ಮಂದು ನೀನು ಹೇಳು. ಹಾಲಲ್ಲಿ ಕೂತು, ಎಲ್ಲಾರ್ಗೂ ಕೇಳೋ ಹಂಗೆ."

ಅವಳು ಕೈ ಬಿಟ್ಟಳು. ರಸ್ತೆಯ ಎರಡೂ ಕಡೆ ತೋತಾಪುರಿ ಜೋತುಬಿದ್ದ ತೋಟಗಳು. ಅವಳು ಕಿಟಕಿಯ ಕಡೆ ತಿರುಗಿ ಮನೆಯವರೆಗೆ ಅವನ್ನೇ ನೋಡುತ್ತ ಕೂತಳು. ಬಾಯಿ ತೆರೆಯಲಿಲ್ಲ. ಹಾಗಾಗಿ ನಾನೂ ಬಾಯಿ ತೆರೆಯಲಿಲ್ಲ. ಅವಳನ್ನು ದಿವಾನದ ಮೇಲೆ ಕೂರಿಸಿ, ಮಾತ್ರೆಯ ಹೊತ್ತು ಸುನಂದಳಿಗೆ ಹೇಳಿ, ತಲೆದೆಸೆಗೆ ನೀರಿನ ಚೊಂಬು ತುಂಬಿಸಿಟ್ಟು ಹೊರಟುಬಂದೆ.

ಈಗ ಹಣ್ಣಿನ ಕೋಣೆಯ ಬೀಗದ ಕೈ ಸುನಂದಳ ಹತ್ತಿರ ಇದೆ. "ಅತ್ತೆ ಕೈಗೆ ಸಿಗದ ಹಂಗೆ ಇಟ್ಟಿದೀನಿ ಅಕ್ಕ" ಎಂದು ಫೋನಿನಲ್ಲಿ ನಗುತ್ತಾಳೆ. ಬೇಡ, ಅವರು ತಿಂದಿರಲಿಲ್ಲ ಎನ್ನಲು ನನಗೆ ಒಂದು ವಾಕ್ಯ ಸಾಕು. ಆ ವಾಕ್ಯವನ್ನು ಇಷ್ಟು ದಿನ ಇಟ್ಟುಕೊಂಡಿದ್ದೆ. ಅಮ್ಮನ ವಾಕ್ಯವನ್ನು ಅವಳು ಇಟ್ಟುಕೊಂಡಿದ್ದ ಕಾಲಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ದೊಡ್ಡಮ್ಮನಿಗೆ ಅಕ್ಷರ ಬರುವುದಿಲ್ಲ. ನಾನು ಬರೆಯುತ್ತಿರುವ ನೆನಪುಗಳ ಪುಸ್ತಕದ ಈ ಅಧ್ಯಾಯವನ್ನು ಸುನಂದಳಿಗೆ ಕಳಿಸುತ್ತೇನೆ. ವಸಂತಕ್ಕ ನಮ್ಮ ಮನೆಯ ಬಗ್ಗೆ ಬರೆದಿದ್ದಾರೆ ಎಂದು ಅವಳು ಅದನ್ನು ಹಾಲಿನಲ್ಲಿ ಕೂತು ಗಟ್ಟಿಯಾಗಿ ಓದುತ್ತಾಳೆ. ಅವಳ ಸ್ವಭಾವ ನನಗೆ ಗೊತ್ತು. ತನ್ನ ಹೆಸರು ಶುದ್ಧವಾಗುವ ಮಾತು ಬೇಕಿದ್ದರೆ ದೊಡ್ಡಮ್ಮ ಕೊನೆಯವರೆಗೆ ಕೂತು ಕೇಳಬೇಕು. ಅದಕ್ಕೆ ಮೊದಲು ಸೆರಗು ಕೊಡವಿದ್ದು ಬರುತ್ತದೆ, ಕೊಡಪಾನ ಬರುತ್ತದೆ, ಹಿತ್ತಲ ಬಾಗಿಲು ಬರುತ್ತದೆ, ಎಡೆಗೆ ಇಟ್ಟ ರಸಪುರಿ ಬರುತ್ತದೆ. ಕೊನೆಯಲ್ಲೂ ಅವಳದು ಎರಡನೆಯ ಸಾಲು.

ಸರೋಜ ಹಣ್ಣು ತಿಂದಿರಲಿಲ್ಲ.

ವೆಂಕಟಲಕ್ಷ್ಮಮ್ಮನೂ ತಿಂದಿರಲಿಲ್ಲ.